ಸಾಹೇಬರಿಗೆಂದು ಬರೆಸಿದ ಗ್ರಾಫು

ನಮ್ಮ ಮುಖ್ಯಗುರುಗಳಿಗೆ ಬೆಳಗಿನ ವಿಶೇಷ ತರಗತಿಯ ಮೇಲೆ ಎಂಥ ಮೋಹವೆಂದರೆ, ಅದನ್ನು ತಾವೇ ಕಂಡುಹಿಡಿದವರ ಹಾಗೆ ಶಿಗ್ಗಾಂವಿಯ ತುಂಬ ಹೇಳಿಕೊಂಡು ತಿರುಗುತ್ತಿದ್ದರು. ಇಲಾಖೆಯ ಸಾಹೇಬರು ಶಾಲೆ ನೋಡಲು ಬರುತ್ತಾರೆಂದು ತಿಳಿದದ್ದೇ, ಗಣಿತ ಕಲಿಸುವ ನನ್ನನ್ನು ಕರೆದು, ಹತ್ತನೆಯ ತರಗತಿಯ ಮಕ್ಕಳಿಂದ ಒಂದು ಗ್ರಾಫ್ ಬರೆಸಲು ಹೇಳಿದರು. ಅಡ್ಡಗೆರೆಯಲ್ಲಿ ವಿಶೇಷ ತರಗತಿಯ ಹಾಜರಿ, ನಿಂತ ಗೆರೆಯಲ್ಲಿ ಪರೀಕ್ಷೆಯ ಅಂಕ, ಒಬ್ಬೊಬ್ಬರಿಗೆ ಒಂದೊಂದು ಚುಕ್ಕಿ. ಹಾಜರಿ ಹೆಚ್ಚಿದಂತೆ ಅಂಕ ಏರುವುದು ಎದ್ದು ಕಾಣಬೇಕೆಂದು ಅಪ್ಪಣೆ.

ಮಕ್ಕಳು ಬರೆದರು. ಚುಕ್ಕಿಗಳು ಕಣದಲ್ಲಿ ಚೆಲ್ಲಿದ ಗೋವಿನಜೋಳದಂತೆ ಎಲ್ಲೆಂದರಲ್ಲಿ ಬಿದ್ದವು. ದಿನವೂ ಬಂದು ಆಕಳಿಸುತ್ತ ಕೂತ ಕೆಲವರ ಅಂಕ ನೆಲ ಕಚ್ಚಿತ್ತು. ಎಡಗಡೆ, ಎಲ್ಲಕ್ಕಿಂತ ಮೇಲೆ ಒಂಟಿಯಾಗಿದ್ದ ಚುಕ್ಕಿ ದುಂಡಸಿಯಿಂದ ಬರುವ ಹುಡುಗಿಯದು. ಅವಳ ಬಸ್ಸು ಬರುವಷ್ಟರಲ್ಲಿ ವಿಶೇಷ ತರಗತಿ ಮುಗಿದೇ ಹೋಗಿರುತ್ತಿತ್ತು.

ಮುಖ್ಯಗುರುಗಳು ಹಾಳೆಯನ್ನು ಹಿಂದೆ ಮುಂದೆ ಹಿಡಿದು ನೋಡಿದರು.

“ಇದೇನ್ರೀ ಇದು? ಒಂದಕ್ಕೊಂದು ಸಂಬಂಧನ ಇಲ್ಲಲ್ಲ.”

ಗ್ರಾಫ್ ಹೇಳುತ್ತಿರುವುದೂ ಅದನ್ನೇ ಎಂದೆ. ಅವರಿಗೆ ಅದು ಉದ್ಧಟತನವಾಗಿ ಕೇಳಿಸಿತು. ವೈಟ್‌ನರ್ ತರಿಸಿ, ತಮಗೆ ಹಿಡಿಸದ ಚುಕ್ಕಿಗಳನ್ನೆಲ್ಲ ಮುಚ್ಚಿ, ಉಳಿದವುಗಳ ನಡುವೆ ಮೇಲಕ್ಕೇರುವ ಕೆಂಪು ಗೆರೆ ಎಳೆದು, ತರಗತಿಯ ಗೋಡೆಗೆ ಹಚ್ಚಿಸಿದರು. ಈ ಮನುಷ್ಯ ಒಂದು ಕಾಲಕ್ಕೆ ವಿಜ್ಞಾನ ಕಲಿಸುತ್ತಿದ್ದರಂತೆ.

ಸಾಹೇಬರು ಬಂದರು. ಯಾವ ಗೆರೆಯಲ್ಲಿ ಏನಿದೆಯೆಂದು ಓದದೆಯೇ ಗ್ರಾಫನ್ನು ಹೊಗಳಿ, ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಇಬ್ಬರೂ ತಲೆದೂಗುವುದನ್ನು ನೋಡಿ ನನಗೆ ಹೇಸಿಗೆಯಾಯಿತು. ಆಗ ದುಂಡಸಿಯ ಹುಡುಗಿ ಎದ್ದು ನಿಂತಳು.

“ಸರ್, ಇದರಾಗ ನನ್ನ ಚುಕ್ಕಿ ಇಲ್ರಿ.”

ಬರೆಯುವಾಗ ಬಿಟ್ಟುಹೋಗಿರಬೇಕು ಎಂದು ಸಾಹೇಬರು ನಕ್ಕರು.

“ಬಿಟ್ಟಿಲ್ರಿ. ನಾನ ಇಟ್ಟಿದ್ದೆ. ಅಳಿಸ್ಯಾರ್ರಿ.”

ಮುಖ್ಯಗುರುಗಳಿಗೆ ತಟ್ಟನೆ ಚಹಾ ಆರುತ್ತಿರುವುದು ನೆನಪಾಯಿತು. ಸಾಹೇಬರನ್ನು ಕರೆದುಕೊಂಡು ಹೊರಟೇಬಿಟ್ಟರು. ನನಗೂ ಕಣ್ಸನ್ನೆ ಮಾಡಿದರು, ನಾನು ಹೋಗಲಿಲ್ಲ. ಬೋರ್ಡಿನ ಮೇಲೆ ಹೊಸದಾಗಿ ಗೆರೆ ಎಳೆದು, ಎಲ್ಲರಿಂದಲೂ ಅವರವರ ಚುಕ್ಕಿ ಇಡಿಸಿದೆ. ಇದರಿಂದ ಏನು ತಿಳಿಯುತ್ತದೆ ಎಂದು ಕೇಳಿದಾಗ, ಒಂದು ದಿನವೂ ವಿಶೇಷ ತರಗತಿ ತಪ್ಪಿಸದ ಇನ್ನೊಬ್ಬ ಹುಡುಗಿ ನಿಧಾನವಾಗಿ ಹೇಳಿದಳು: “ಬರೇ ಬಂದು ಕುಂತರ ಅಂಕ ಬರಂಗಿಲ್ಲ ಅಂತ್ರಿ.”

ಇಡೀ ತರಗತಿ ನಕ್ಕಿತು, ನಾನೂ ನಕ್ಕೆ.

ಮುಂದಿನ ವಾರ ಒಂಬತ್ತನೆಯ ತರಗತಿಗೂ ವಿಶೇಷ ತರಗತಿ ಶುರುವಾಯಿತು. ಅದರ ಹೊಣೆಯನ್ನು ಮುಖ್ಯಗುರುಗಳು ನನಗೇ ವಹಿಸಿದ್ದಾರೆ.