ಬಳಸುವವರ ಹೆಸರು

ಶಂಭುಲಿಂಗಪ್ಪನವರು ಮ್ಯಾಗ್ನೆಟ್ ವ್ಯಾಪಾರಿ. ಚಾಮರಾಜಪೇಟೆಯಿಂದ ಕಲಾಸಿಪಾಳ್ಯಕ್ಕೆ ಹೋಗುವ ಗಲ್ಲಿಯೊಂದರಲ್ಲಿ ಅವರ ಅಂಗಡಿ. ಪಕ್ಕದ್ದೇ ನನ್ನ ತಾಮ್ರದ ತಂತಿಯ ಅಂಗಡಿ. ನಡುವೆ ಒಂದೇ ಗೋಡೆ. ಇಪ್ಪತ್ತೆಂಟು ವರ್ಷ ಆ ಗೋಡೆಗೆ ಬೆನ್ನು ಕೊಟ್ಟು ಕೂತವನಾದ್ದರಿಂದ ಅವರ ಹೆಂಡತಿ ಸರ್ವಮಂಗಳಾ ಅವರಿಗೆ ಗೊತ್ತಿಲ್ಲದ್ದೂ ನನಗೆ ಗೊತ್ತು.

ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಜೇಬಿನಲ್ಲಿ ಅಳತೆಯ ಕ್ಯಾಲಿಪರ್. ಪರ್ಸಿನ ಗುಂಡಿಯಿಂದ ಹಿಡಿದು ಮೋಟಾರಿನವರೆಗೆ ಯಾವ ಮ್ಯಾಗ್ನೆಟ್ ಕೇಳಿದರೂ ಕಣ್ಣು ಮುಚ್ಚಿ ಕೈಗೆ ಕೊಡುವವರು. ಒಂದೇ ಒಂದು ವಿಷಯದಲ್ಲಿ ಮಾತ್ರ ಅವರು ಕಲ್ಲು. ತಮ್ಮ ಗಿರಾಕಿ ಯಾರೆಂದು ಸರಕು ಕಳಿಸುವವರಿಗೆ ಪ್ರಾಣ ಹೋದರೂ ಹೇಳುತ್ತಿರಲಿಲ್ಲ. ಅಂಗಡಿಯಲ್ಲಿ ಗಿರಾಕಿ ಇರುವಾಗ ಕಂಪನಿಯ ಏಜೆಂಟ್ ಬಂದುಬಿಟ್ಟರೆ "ಇವರು ನಮ್ಮ ಭಾವಮೈದ" ಎಂದು ಪರಿಚಯ ಮಾಡಿಸುವರು. ನನ್ನ ಎಣಿಕೆಯಲ್ಲಿ ಅವರಿಗೆ ಹದಿನೇಳು ಜನ ಭಾವಮೈದುನರು. ಸರ್ವಮಂಗಳಾ ಅವರಿಗೆ ಅಣ್ಣತಮ್ಮಂದಿರೇ ಇಲ್ಲ.

ನಗಬೇಡಿ, ಪೇಟೆಯಲ್ಲಿ ಎಲ್ಲರೂ ಹೀಗೆಯೇ. ಕೊಳ್ಳುವವನೂ ಕಳಿಸುವವನೂ ಒಬ್ಬರ ಮುಖ ಒಬ್ಬರು ನೋಡಿದ ದಿನ ನಡುವಿನ ನಮಗೆ ಕೆಲಸವಿಲ್ಲ.

ಆ ಹದಿನೇಳರಲ್ಲಿ ಅವರಿಗೆ ಹೆಚ್ಚು ಬೇಕಾದವನು ರುದ್ರೇಶ್. ತ್ಯಾಗರಾಜನಗರದಲ್ಲಿ ಮನೆಯ ಹಿಂದೆ ಶೀಟು ಹೊದಿಸಿ, ಇಬ್ಬರು ಹೆಣ್ಣುಮಕ್ಕಳನ್ನು ಕೆಲಸಕ್ಕಿಟ್ಟುಕೊಂಡು, ಕೈಯಿಂದ ತಳ್ಳುವ ಗಾಲಿಕುರ್ಚಿಗಳಿಗೆ ತಾನೇ ಕಟ್ಟಿದ ಮೋಟಾರು ಕೂರಿಸುತ್ತಿದ್ದ. ಹದಿನಾಲ್ಕು ವರ್ಷ, ಸೋಮವಾರ ತಪ್ಪದೆ ಬಂದು ಅರ್ಧ ಲೋಟ ಕಾಫಿ ಕುಡಿದು, ತನಗೆ ಬೇಕಾದ ಅಳತೆಯ ಮ್ಯಾಗ್ನೆಟ್ ಒಯ್ಯುತ್ತಿದ್ದ. ಏರು ಹತ್ತುವಾಗ ಮೋಟಾರು ಕಾಯುತ್ತದೆ. ಆ ಬಿಸಿಗೆ ಜಗ್ಗದಿರಲೆಂದು ಅವನ ಮ್ಯಾಗ್ನೆಟ್‌ನಲ್ಲಿ ಡಿಸ್ಪ್ರೋಸಿಯಂ ಎಂಬ ಅಪರೂಪದ ಲೋಹ ಚಿಟಿಕೆಯಷ್ಟು ಬೆರೆತಿರಬೇಕು. ಅದು ಬರುತ್ತಿದ್ದುದು ಚೀನಾದಿಂದ.

ಎರಡು ಸಾವಿರದ ಇಪ್ಪತ್ತೈದರ ಏಪ್ರಿಲ್‌ನಲ್ಲಿ ಚೀನಾದವರು ಅದಕ್ಕೊಂದು ಬೀಗ ಹಾಕಿದರು. ಅಂಥ ಮ್ಯಾಗ್ನೆಟ್ ಹೊರಗೆ ಹೋಗಬೇಕಾದರೆ ಲೈಸೆನ್ಸ್ ಬೇಕು. ಕೊನೆಗೆ ಬಳಸುವವರು ಯಾರು, ಯಾತಕ್ಕೆ, ಬೇರೆ ಯಾರಿಗೂ ಕೊಡುವುದಿಲ್ಲ ತಾನೇ ಎಂದು ಬರೆದು, ಸಹಿ ಹಾಕಿ, ಮುದ್ರೆ ಒತ್ತಿಸಿ ಕಳಿಸಬೇಕು. ಶಂಭುಲಿಂಗಪ್ಪನವರು ಆ ಫಾರಂ ಹಿಡಿದುಕೊಂಡು ನನ್ನ ಅಂಗಡಿಗೆ ಬಂದರು.

"ಬಳಸುವವರ ಹೆಸರು ಅಂತ ಕಾಲಂ ಇದೆ ನೋಡ್ರೀ. ರುದ್ರೇಶನ ಹೆಸರೇ ಬರೀಬೇಕೇನೋ."

"ಬರೀರಿ," ಎಂದೆ ನಾನು. "ಅಡ್ರೆಸ್ಸು, ಫೋನ್ ನಂಬರು ಎಲ್ಲಾ ಬರೀರಿ. ಒಂದು ಹಾರಾನೂ ಹಾಕಿ ಕಳ್ಸಿ. ಮುಂದಿನ ತಿಂಗಳಿಂದ ಅವರವರೇ ಮಾತಾಡ್ಕೋತಾರೆ, ನೀವು ಇಲ್ಲಿ ನೊಣ ಹೊಡೀತಾ ಕೂತಿರಿ."

"ಮತ್ತೇನ್ ಮಾಡೋದು?"

"ನಿಮ್ಮ ಅಂಗಡಿ ಹೆಸರೇ ಹಾಕಿ. ಅಲ್ಲಿ ಕೂತೋನಿಗೆ ಚಾಮರಾಜಪೇಟೆ ಯಾವುದು, ತ್ಯಾಗರಾಜನಗರ ಯಾವುದು ಅಂತ ಏನ್ ಗೊತ್ತು?"

ಅವರು ನಕ್ಕರು. ನಾನೂ ನಕ್ಕೆ. ಅಂಗಡಿಯ ಹೆಸರನ್ನೇ ಬರೆದು ಕಳಿಸಿದರು. ರುದ್ರೇಶನಿಗೆ ಮಾತ್ರ "ಒಂದೂವರೆ ತಿಂಗಳು ತಡ್ಕೋಪ್ಪ, ಬರುತ್ತೆ, ನನ್ನ ಮಾತು" ಎಂದರು. ಅವನು ಆ ಮಾತಿನ ಮೇಲೆ ಹನ್ನೊಂದು ಕುರ್ಚಿಗಳನ್ನು ಬಿಚ್ಚಿಟ್ಟ.

ಮೋಟಾರು ಹಾಕಿಸಲು ಆ ಕುರ್ಚಿಗಳನ್ನು ಕೊಟ್ಟವರೆಲ್ಲ ಓಡಾಡಲು ಅವನ್ನೇ ನಂಬಿದವರು. ಅವರಲ್ಲೊಬ್ಬಳು ವೈಯಾಲಿಕಾವಲ್‌ನ ತೇಜಶ್ರೀ. ಗಾಂಧಿಬಜಾರಿನ ಹತ್ತಿರದ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತ್ತು. ಬಸ್ಸಿಳಿದು ಶಾಲೆಯವರೆಗೆ ತನ್ನಷ್ಟಕ್ಕೆ ತಾನೇ ಹೋಗಬೇಕು ಎನ್ನುವುದು ಅವಳ ಹಟ.

ಜೂನ್ ಕೊನೆಗೆ ಕಾಗದ ವಾಪಸ್ಸು ಬಂತು. ಅಂಗಡಿ ಇಟ್ಟವನು ಬಳಸುವವನಲ್ಲ, ನಿಜವಾದ ಬಳಕೆದಾರ ಯಾರೆಂದು ತಿಳಿಸಿ ಹೊಸದಾಗಿ ಅರ್ಜಿ ಹಾಕಿ ಎಂದಿತ್ತು. ಚೀನಾದವನಿಗೆ ಪೇಟೆಯ ಬುದ್ಧಿ ನಮಗಿಂತ ಚೆನ್ನಾಗಿ ಗೊತ್ತಿತ್ತು.

ಆ ವಾರವೇ ಪತ್ರಿಕೆಯಲ್ಲಿ ನಮ್ಮ ದೇಶವೂ ಸೇರಿ ನಾಲ್ಕು ದೇಶಗಳ ಮಂತ್ರಿಗಳ ಫೋಟೊ. ಇಂಥ ಖನಿಜಗಳಿಗೆ ಇನ್ನು ಒಬ್ಬರನ್ನೇ ನೆಚ್ಚಿಕೊಳ್ಳದೆ ಒಟ್ಟಾಗಿ ದಾರಿ ಹುಡುಕುತ್ತೇವೆ ಎಂಬ ಸುದ್ದಿ. ಸೋಮವಾರ ಬಂದ ರುದ್ರೇಶ್ ಅದನ್ನು ನಿಂತೇ ಓದಿದ.

"ನಮ್ಮ ಕೇರಳದ ಸಮುದ್ರದ ಮರಳಲ್ಲೇ ಇಂಥ ಅದಿರು ಇದ್ಯಂತಲ್ಲ ಯಜಮಾನ್ರೇ?"

"ಇದೆಯಪ್ಪ. ಮರಳು ಮ್ಯಾಗ್ನೆಟ್ ಆಗೋ ಹೊತ್ಗೆ ನಿನ್ನ ಮೊಮ್ಮಗ ಅಂಗಡಿಗೆ ಬರ್ತಾನೆ," ಎಂದೆ ನಾನು.

ರುದ್ರೇಶ್ ನಕ್ಕ. ಶಂಭುಲಿಂಗಪ್ಪನವರು ನಗಲಿಲ್ಲ. ಅರ್ಜಿ ಯಾಕೆ ವಾಪಸ್ಸಾಯಿತೆಂದು ಅವನಿಗೆ ಹೇಳಲೂ ಇಲ್ಲ. "ಸರ್ಕಾರದ ಕೆಲಸ, ಗೊತ್ತಲ್ಲ" ಎಂದಷ್ಟೇ ಹೇಳಿ, ಅವನು ಹೋದ ಮೇಲೆ ಹೊಸ ಫಾರಂನಲ್ಲಿ ಅವನ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದರು. ಸಹಿ, ಮುದ್ರೆ, ದೆಹಲಿ, ಅಲ್ಲಿಂದ ಮುಂದೆ. ಸರತಿಯ ಕೊನೆಯಲ್ಲಿ ನಾವು.

ಆಗಸ್ಟ್‌ನಲ್ಲಿ ತೇಜಶ್ರೀ ತಡೆಯಲಾರದೆ, ಹೇಗಾದರೂ ಕುರ್ಚಿ ಓಡುವಂತೆ ಮಾಡಿಕೊಡಿ ಎಂದು ಕೇಳಿಕೊಂಡಳು. ರುದ್ರೇಶ್ ಸಾಧಾರಣ ಮ್ಯಾಗ್ನೆಟ್ ಹಾಕಿ ಅವಳ ಕುರ್ಚಿ ಸಿದ್ಧ ಮಾಡಿದ. ಸಮತಟ್ಟಿನಲ್ಲಿ ಚೆನ್ನಾಗಿಯೇ ಓಡಿತು. ಎಂಟನೆಯ ದಿನ ಬುಲ್ ಟೆಂಪಲ್ ರಸ್ತೆಯ ಏರಿನಲ್ಲಿ ಮೋಟಾರು ಕಾದು, ಮ್ಯಾಗ್ನೆಟ್ ಸೋತು, ಕುರ್ಚಿ ಹಿಂದಕ್ಕೆ ಜಾರಿತು. ಹೂವು ಮಾರುತ್ತಿದ್ದ ಹೆಂಗಸೊಬ್ಬಳು ಅಡ್ಡ ನಿಂತು ಹಿಡಿದಳು. ಅಷ್ಟರಲ್ಲಿ ಚಕ್ರ ತಡೆಯಲು ಹೋಗಿ ತೇಜಶ್ರೀಯ ಮಣಿಕಟ್ಟು ಮುರಿದಿತ್ತು. ಕುರ್ಚಿಯ ಚಕ್ರ ತಳ್ಳುವ ಕೈಯ ಮಣಿಕಟ್ಟು.

ಅವಳು ರುದ್ರೇಶನನ್ನು ಒಂದು ಮಾತೂ ಬೈಯಲಿಲ್ಲವಂತೆ. ಬೈದಿದ್ದರೆ ಅವನು ಕೆಲಸ ಮುಂದುವರಿಸುತ್ತಿದ್ದನೋ ಏನೋ. ಉಳಿದ ಹತ್ತು ಕುರ್ಚಿಗಳನ್ನು ಮೋಟಾರಿಲ್ಲದೆ ಮೊದಲಿನಂತೆ ಜೋಡಿಸಿ, ತಾನೇ ಮನೆಮನೆಗೆ ತಲುಪಿಸಿದ. ಸೋಮವಾರ ಬರುವುದನ್ನು ಬಿಟ್ಟ.

ಮ್ಯಾಗ್ನೆಟ್ ಬಂದದ್ದು ನವೆಂಬರಿನಲ್ಲಿ. ಭಾನುವಾರ ಶಂಭುಲಿಂಗಪ್ಪನವರೂ ನಾನೂ ಡಬ್ಬ ಎತ್ತಿಕೊಂಡು ಆಟೋದಲ್ಲಿ ತ್ಯಾಗರಾಜನಗರಕ್ಕೆ ಹೋದೆವು. ಶೀಟಿನ ಕೆಳಗೆ ಯಾರದೋ ಎರಡು ಸ್ಕೂಟರ್ ನಿಂತಿದ್ದವು. ರುದ್ರೇಶ್ ಈಗ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಾನೆ. ಕೆಲಸದ ಹೆಣ್ಣುಮಕ್ಕಳು ಗಾರ್ಮೆಂಟ್ಸಿಗೆ ಸೇರಿದ್ದಾರೆ.

ಶಂಭುಲಿಂಗಪ್ಪನವರು ಕೂರುವ ಮೊದಲೇ ಹೇಳಿದರು. "ತಪ್ಪು ನಂದು ಕಣಪ್ಪ. ಮೊದಲ್ನೇ ಸಲ ನಿನ್ನ ಹೆಸರು ಬರೀಲಿಲ್ಲ. ಸರಿಯಾಗಿ ಬರೆದಿದ್ರೆ ಜುಲೈನಲ್ಲೇ ಬರ್ತಿತ್ತೇನೋ."

"ಯಾಕೆ ಬರೀಲಿಲ್ಲ ಯಜಮಾನ್ರೇ?"

"ನೀನು ನನ್ನ ಬಿಟ್ಟು ಅವರ ಹತ್ರಾನೇ ನೇರ ತಗೋತೀಯ ಅಂತ."

ಯಾರು ಹೇಳಿಕೊಟ್ಟದ್ದೆಂದು ಅವರು ಹೇಳಲಿಲ್ಲ. ನಾನೂ ಹೇಳಲಿಲ್ಲ.

ರುದ್ರೇಶ್ ಡಬ್ಬವನ್ನು ತನ್ನ ಕಡೆ ತಿರುಗಿಸಿಕೊಂಡು, ಅದರ ಬದಿಯ ಚೀಟಿಯ ಮೇಲೆ ಬೆರಳಿಟ್ಟ. ಕಳಿಸುವವರ ಹೆಸರು, ವಿಳಾಸ, ಫೋನ್ ನಂಬರು ಎಲ್ಲಾ ಅಲ್ಲೇ ಅಚ್ಚಾಗಿತ್ತು.

"ಹದಿನಾಲ್ಕು ವರ್ಷದಿಂದ ಇದನ್ನ ನೋಡ್ತಾನೇ ಇದೀನಿ. ಅವರೇ ಎಲ್ಲಿಂದ್ಲೋ ನನ್ನ ನಂಬರ್ ಹಿಡಿದು ಎರಡು ಸಲ ಫೋನ್ ಮಾಡಿದ್ರು, ಕಮ್ಮಿಗೆ ಕೊಡ್ತೀವಿ ಅಂತ. ನಮಗೆ ಯಜಮಾನ್ರಿದಾರೆ ಅಂದೆ."

ಒಳಗಿನಿಂದ ಕಾಫಿ ಬಂತು. ಶಂಭುಲಿಂಗಪ್ಪನವರು ಲೋಟ ಎತ್ತಿಕೊಂಡು, ಬಾಯಿಗೆ ತರದೆ ಕೆಳಗಿಟ್ಟರು.

"ಮತ್ತೆ ಶುರು ಮಾಡೋಣಪ್ಪ. ಸರಕು ಬಂದಿದೆಯಲ್ಲ. ನಾನಿದೀನಿ."

"ಆಗಲ್ಲ. ಆ ಹುಡುಗಿ ಕೈ ಕಣ್ಮುಂದೆ ಬರುತ್ತೆ. ತಗೊಂಡ್ಹೋಗಿ, ಬೇರೆ ಯಾರಿಗಾದ್ರೂ ಕೊಡಿ."

"ಕೊಡೋಹಾಗಿಲ್ಲ. ನಿನಗೆ ಬಿಟ್ಟು ಯಾರಿಗೂ ಕೊಡಲ್ಲ ಅಂತ ಬರೆದುಕೊಟ್ಟಿದೀನಿ."

ರುದ್ರೇಶ್ ಎದ್ದ. ಗೇಟಿನವರೆಗೆ ಬಂದು, ಡಬ್ಬವನ್ನು ಆಟೋದೊಳಗೆ ತಾನೇ ಇಟ್ಟು, "ಹುಷಾರು ಯಜಮಾನ್ರೇ, ಮೋರಿ ಕಲ್ಲು ಅಲ್ಲಾಡುತ್ತೆ" ಎಂದು ಅವರ ತೋಳು ಹಿಡಿದು ಹತ್ತಿಸಿದ.

ಅದೇ ವಾರ ಶಂಭುಲಿಂಗಪ್ಪನವರು ವೈಯಾಲಿಕಾವಲ್‌ಗೆ ಒಬ್ಬರೇ ಹೋದರು. ತೇಜಶ್ರೀ ಶಾಲೆಯ ಕೆಲಸ ಬಿಟ್ಟಿದ್ದಳು. ಹೊರಟು ನಿಂತವರನ್ನು ಅವಳ ತಾಯಿ ಕೇಳಿದರಂತೆ, "ತಾವು ಯಾರು ಅಂತ ಗೊತ್ತಾಗ್ಲಿಲ್ಲ?" ಇವರಿಗೆ ಅಂಗಡಿಯ ಹೆಸರು ಬಾಯಿಗೆ ಬರಲಿಲ್ಲ. ರುದ್ರೇಶನ ಕಡೆಯವನು ಎಂದು ಹೇಳಿ ಮೆಟ್ಟಿಲಿಳಿದು ಬಂದರು.