ಬೆಳಿಗ್ಗೆ ಒಮ್ಮೆ ಕೇಳಿದ ನೀರಿನ ಮಟ್ಟ

ನೆಲಕ್ಕೆ ಹಾಸುವ ಫರಸಿ ಕಲ್ಲಿನ ಮೇಲೆ ಹೆಬ್ಬೆರಳಗಲದ ಕಪ್ಪು ಗೀರು, ಉದ್ದ ಒಂದು ಗೇಣು. ನೀರು ಬೀಳದೆ ಗರಗಸದ ಚಕ್ರ ಕಾದು ಸುಟ್ಟ ಗುರುತು ಅದು. ಸುಟ್ಟದ್ದು ಭಂಕೂರಿನ ಖಾಜಾಸಾಬರ ಕಲ್ಲು ಕೊಯ್ಯುವ ಶೆಡ್ಡಿನಲ್ಲಿ. ಸುಟ್ಟವಳು ವಾಡಿಯ ಮನೆಯಲ್ಲಿ ಕೂತು ಪ್ರೋಗ್ರಾಂ ಬರೆದ ನಾನು.

ಅಲ್ಲಿಯತನಕ ಶೆಡ್ಡಿನ ಕೆಲಸದ ನಿಂಗಮ್ಮ, ಚಕ್ರಕ್ಕೆ ನೀರು ಬಿಡುವ ತೊಟ್ಟಿಯೊಳಗೆ ಇಣುಕಿ, ನೀರು ಇಳಿದರೆ ಮೋಟರ್ ಹಾಕುತ್ತಿದ್ದರು. ಇನ್ನು ಇಣುಕುವುದು ಬೇಡ, ನೀರು ಇಳಿದರೆ ಕಂಪ್ಯೂಟರೇ ಸೀಟಿ ಹೊಡೆಯುತ್ತದೆ ಎಂದೆ. ಇಷ್ಟು ಕೆಲಸಕ್ಕೆ ಫ್ರೇಮ್‌ವರ್ಕ್ ಎಂಬ ದೊಡ್ಡದೊಂದು ಸಿದ್ಧ ಚೌಕಟ್ಟನ್ನೇ ತಂದೆ. ಅದರಲ್ಲಿ ಪ್ರೋಗ್ರಾಮಿನ ಯಾವ ಭಾಗವೂ ತನಗೆ ಬೇಕಾದ್ದನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಮದುವೆಮನೆಯ ಬೀಗರಂತೆ ಕೂತಲ್ಲಿಗೇ ಎಲ್ಲ ಬರುತ್ತದೆ. ಬೇಕಾದ ಅಂಕಿಯನ್ನು ಫೈಲಿನಲ್ಲಿ ಬರೆದಿಡಬಹುದು, ಇಲ್ಲವೇ ‘ತೊಟ್ಟಿಯ ಮಟ್ಟ ನೋಡಿ ಹೇಳುವ ಈ ಮೆಥಡ್ಡನ್ನು ಕರೆದು ಕೇಳು, ಅದು ಹೇಳಿದ್ದನ್ನು ಕೊಡು’ ಎನ್ನಬಹುದು. ಬರೆದಿಟ್ಟದ್ದು ಹಳಸುತ್ತದೆಂದು ನಾನು ಎರಡನೆಯದನ್ನು ಆರಿಸಿದೆ. ನನ್ನ ಬುದ್ಧಿಗೆ ನಾನೇ ಮೆಚ್ಚಿ ಚಹಾ ಮಾಡಿಕೊಂಡು ಕುಡಿದೆ. ಆ ಮೆಥಡ್ಡನ್ನು ಕರೆಯುವುದು ಪ್ರೋಗ್ರಾಂ ಶುರುವಾದಾಗ ಒಮ್ಮೆ ಮಾತ್ರ ಎಂದು ಓದಿದ್ದೆ. ಅದು ಬೇರೆಯವರಿಗೆ ಹೇಳಿದ್ದು ಎಂದುಕೊಂಡಿದ್ದೆ. ಬೆಳಿಗ್ಗೆ ಅದು ಕೇಳಿದಾಗ ತೊಟ್ಟಿ ತುಂಬಿತ್ತು. ಹಾಗಾಗಿ ಕಂಪ್ಯೂಟರಿನ ಪಾಲಿಗೆ ದಿನವಿಡೀ ತುಂಬಿಯೇ ಇತ್ತು.

ಫ್ರೇಮ್‌ವರ್ಕನ್ನು ಯಾವ ಬಾಯಿಂದ ದೂರಲಿ? ಸೇಡಂನ ಅತ್ತೆಗೆ ಚಹಾಕ್ಕೆ ಸಕ್ಕರೆ ಎಷ್ಟೆಂದು ಹತ್ತನೇ ತರಗತಿಯಲ್ಲಿದ್ದಾಗ ಕೇಳಿದ್ದೆ. ಎಂ.ಎಸ್ಸಿ. ಮುಗಿದರೂ ಅದೇ ಎರಡು ಚಮಚ. ಕಡೆಗೊಮ್ಮೆ ಅತ್ತೆ ಲೋಟ ಕೆಳಗಿಟ್ಟು, “ನಂಗ ಶುಗರ್ ಬಂದು ಮೂರು ವರ್ಷ ಆಯ್ತವಾ, ನಿನ್ನ ಕಡಿಗಿ ಸುದ್ದಿ ಮುಟ್ಟಿಲ್ಲೇನು?” ಎಂದರು. ಕೇಳಿದರೆ ಮಾತು ಬೆಳೆಯುತ್ತದೆ. ಅದಕ್ಕೇ ನಾನು ಒಮ್ಮೆ ಕೇಳಿದ್ದನ್ನು ಜೋಪಾನ ಮಾಡಿಕೊಂಡು ಬದುಕುವವಳು.

ಚಕ್ರ ಸುಟ್ಟ ಸುದ್ದಿಗೆ ಶೆಡ್ಡಿಗೆ ಓಡಿದಾಗ ಖಾಜಾಸಾಬರು ನಿಂಗಮ್ಮನ ಮೇಲೆ ಹರಿಹಾಯುತ್ತಿದ್ದರು.

“ಸೀಟಿ ಹೊಡದದ, ನೀ ಮಾತಾಡಕೋತ ಕುಂತಿದ್ದಿ. ನಾಳಿಂದ ಬರಬ್ಯಾಡ.”

“ಹೊಡದೇ ಇಲ್ರಿ ಸಾವಕಾರ್ರೆ,” ಎಂದರು ನಿಂಗಮ್ಮ. “ನನ್ನ ಕಿವಿ ಕೆಟ್ಟಿದ್ರ ನಿಮ್ಮ ಬೈಗುಳ ಹ್ಯಾಂಗ ಕೇಳ್ತಿತ್ತು?”

“ಕಂಪ್ಯೂಟರ್ ಸುಳ್ಳು ಹೇಳ್ತದೇನು? ಬೇಟಿ ಇಲ್ಲೇ ಅದಾಳ, ಕೇಳು,” ಎಂದು ಖಾಜಾಸಾಬರು ನನ್ನತ್ತ ಕೈ ತೋರಿಸಿದರು.

ಲ್ಯಾಪ್‌ಟಾಪ್ ತೆರೆದ ಐದು ನಿಮಿಷದಲ್ಲಿ ನನಗೆ ಕಾರಣ ಕಂಡಿತು. ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು. ಪರರ ಪತ್ರದಲ್ಲಿ ಅಲ್ಪವಿರಾಮ ತಪ್ಪಿದರೂ ತಿದ್ದುವ ನಾನು, “ನೋಡಿ ಹೇಳ್ತೀನಿ ಚಾಚಾ” ಎಂದು ಲ್ಯಾಪ್‌ಟಾಪ್ ಮುಚ್ಚಿ ಬಸ್ ಹಿಡಿದೆ. ನಿಂಗಮ್ಮ ಶೆಡ್ಡಿನಲ್ಲಿ ಇಟ್ಟಿದ್ದ ಹಳೇ ಚಪ್ಪಲಿಯನ್ನೂ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು.

ನಿಮಿಷಕ್ಕೊಮ್ಮೆ ಹೊಸದಾಗಿ ಕೇಳು ಎಂದು ಪ್ರೋಗ್ರಾಂ ತಿದ್ದಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಸಂಜೆಯೆಲ್ಲ ಹೋದದ್ದು ಖಾಜಾಸಾಬರಿಗೆ ಮೆಸೇಜು ಬರೆಯುವುದರಲ್ಲಿ. ‘ತಾಂತ್ರಿಕ ಕಾರಣದಿಂದ’ ಎಂದು ಬರೆದು ಅಳಿಸಿದೆ. ‘ಸಿಸ್ಟಮ್ ದೋಷ’ ಎಂದು ಬರೆದು ಅಳಿಸಿದೆ. ಎರಡೂ ಅಚ್ಚುಕಟ್ಟಾದ ವಾಕ್ಯಗಳೇ; ಎರಡರಲ್ಲೂ ನಾನು ಮಾತ್ರ ಇರಲಿಲ್ಲ.

ಮರುದಿನ ಬೆಳಿಗ್ಗೆ ನಿಂಗಮ್ಮನನ್ನು ಅವರ ಮನೆಯಿಂದ ಕರೆದುಕೊಂಡೇ ಶೆಡ್ಡಿಗೆ ಹೋದೆ. ಕೆಲಸದವರೆಲ್ಲ ಸೇರಿದ್ದಾಗ, “ಸೀಟಿ ಹೊಡದಿಲ್ಲ ಚಾಚಾ. ತಪ್ಪು ನಂದು,” ಎಂದೆ. ಖಾಜಾಸಾಬರು ಗಡ್ಡ ತುರಿಸಿಕೊಂಡು, “ಹೋಗವಾ, ಮೋಟರ್ ಹಾಕು,” ಎಂದರು ನಿಂಗಮ್ಮನಿಗೆ. ನಾನು ದಾರಿಯುದ್ದಕ್ಕೂ ಸಿದ್ಧಮಾಡಿಕೊಂಡಿದ್ದ ದೊಡ್ಡ ವಿವರಣೆ ಯಾರಿಗೂ ಬೇಕಿರಲಿಲ್ಲ. ಯಂತ್ರದ ಸದ್ದಿನಲ್ಲಿ ಅದನ್ನು ನಾನೊಬ್ಬಳೇ ಕೊನೆಯತನಕ ಹೇಳಿ ಮುಗಿಸಿದೆ.