ಗೇಟಿನ ಮುಂದೆ ಫಾರಂ ಅಕ್ಕ

ಬೆಳಗಿನ ಐದೂವರೆ. ಮುಚ್ಚಿಹೋದ ಟೈರ್ ಕಾರ್ಖಾನೆಯ ಗೇಟಿನೆದುರು ಉದ್ಯೋಗ ಕಚೇರಿಯ ಗುಮಾಸ್ತೆ ಮಡಚುವ ಮೇಜು ಬಿಡಿಸುತ್ತಾರೆ. ನಿರುದ್ಯೋಗ ನೋಂದಣಿಯ ಫಾರಂಗಳು ಹಾರದಂತೆ ಮೇಲೆ ಊಟದ ಡಬ್ಬಿ. ಊರಿಗೆಲ್ಲ ಅವರು ‘ಫಾರಂ ಅಕ್ಕ’. ಇಂದಲ್ಲ ನಾಳೆ ಗೇಟು ತೆರೆದೀತೆಂದು ಪಾಳಿಯ ಹೊತ್ತಿಗೆ ಬರುವ ಅರವತ್ತು ಮಂದಿ ಎದುರಿಗೆ ಕೈಕಟ್ಟಿ ನಿಂತಿದ್ದಾರೆ. ಮೇಸ್ತ್ರಿ ಸಹಿ ಹಾಕದೆ ಇವರಲ್ಲಿ ಒಬ್ಬರೂ ಹಾಕುವವರಲ್ಲ. ಆ ಮೇಸ್ತ್ರಿ ಅಕ್ಕನ ಒಡಹುಟ್ಟಿದ ತಮ್ಮ.

ಹತ್ತು ಗಂಟೆಗೆ ಈ ತ್ರೈಮಾಸಿಕದ ನೋಂದಣಿ ಪಟ್ಟಿ ಮುಚ್ಚುತ್ತದೆ. ಈ ದೇಶ ಸೇರಿರುವ ಒಕ್ಕೂಟದಲ್ಲಿ ಹಲವು ದೇಶಗಳಿಗೆ ಒಂದೇ ನಾಣ್ಯ. ಕಷ್ಟ ಬಂತೆಂದು ಇಲ್ಲಿನ ಸರ್ಕಾರ ತಾನೇ ನೋಟು ಅಚ್ಚು ಹಾಕುವಂತಿಲ್ಲ. ಬಜೆಟ್ ಕೊರತೆ ದೇಶದ ಒಟ್ಟು ಉತ್ಪನ್ನದ ನೂರಕ್ಕೆ ಮೂರನ್ನು ದಾಟಬಾರದೆಂಬುದು ಒಕ್ಕೂಟದ ಕಟ್ಟಪ್ಪಣೆ. ಕೆಟ್ಟ ಕಾಲಕ್ಕೆ ವಿನಾಯಿತಿ ಉಂಟು, ಆದರೆ ನೋಂದಾಯಿತ ನಿರುದ್ಯೋಗಿಗಳ ಸಂಖ್ಯೆ ತೋರಿಸಬೇಕು. ಸಂಖ್ಯೆ ಸಾಲದಿದ್ದರೆ ಮೊದಲು ಕತ್ತರಿ ಬೀಳುವುದು ನಿರುದ್ಯೋಗ ಭತ್ಯೆಗೇ. ಮೇಲಿನವರು ಇದನ್ನು ಶಿಸ್ತು ಎನ್ನುತ್ತಾರೆ. ಕೇಳಿದರೆ ಮೈ ಉರಿಯುತ್ತದೆ.

ಈ ಊರಿನ ಪಾಲಿಗೆ ಇನ್ನೂ ಐವತ್ತು ಹೆಸರು ಬೇಕು. ಈಗಾಗಲೇ ಕೆಲಸ ಸಿಕ್ಕವರ ಹೆಸರನ್ನೇ ಹಳೆಯ ಪಟ್ಟಿಯಿಂದ ಸೇರಿಸಿಬಿಡಿ ಎಂದು ಕಚೇರಿಯ ಸಾಹೇಬರು ನಿನ್ನೆಯೇ ಸೂಚಿಸಿದ್ದಾರೆ. “ಆಗಲ್ಲ ಸಾರ್ ಅಂದೆ. ನಿಜವಾದ ಜನ ಗೇಟಲ್ಲಿ ನಿಂತಿರುವಾಗ ಸುಳ್ಳು ಹೆಸರು ಯಾಕೆ?” ಎನ್ನುತ್ತಾರೆ ಅಕ್ಕ.

ಗಂಡ ತೀರಿಕೊಂಡ ವರ್ಷ ಹಂಗಾಮಿಯಾಗಿ ಸೇರಿದ ಅಕ್ಕನಿಗೆ ಈಗ ಹತ್ತೊಂಬತ್ತು ವರ್ಷದ ಸರ್ವಿಸ್. ದಿನಕ್ಕೆ ಎರಡು ಬಸ್ಸು, ನಲವತ್ತು ಫಾರಂ, ಬಿಡದ ಮಂಡಿನೋವು. ನೌಕರಿ ಕಾಯಂ ಆಗುವವರೆಗೆ ಅಕ್ಕನ ಮನೆ ನಡೆದದ್ದು ಇದೇ ತಮ್ಮನ ಸಂಬಳದಲ್ಲಿ.

ಒಂಬತ್ತೂ ಕಾಲು. ತಮ್ಮ ಗೇಟಿಗೆ ಒರಗಿಕೊಂಡೇ ಇದ್ದಾರೆ.

“ಸಹಿ ಹಾಕಿದ್ರೆ ಕಾರ್ಖಾನೆ ಕಥೆ ಮುಗೀತು ಅಂತ ನಾನೇ ಒಪ್ಪಿಕೊಂಡ ಹಾಗೆ, ಅಕ್ಕ. ಕೈಚಾಚಿದ ಹಾಗೆ.”

“ಕೈಚಾಚೋದೇನು ಬಂತೋ? ಇಷ್ಟು ವರ್ಷ ನಿನ್ನ ಸಂಬಳದಲ್ಲಿ ಭತ್ಯೆಗೆ ಅಂತ ದುಡ್ಡು ಹಿಡಿದಿದ್ದಾರಲ್ಲ, ಅದು ಇಂಥ ದಿನಕ್ಕೇ. ನೀನು ಬಿಗುಮಾನ ಮಾಡ್ಕೊಂಡು ನಿಂತ್ರೆ ಇವರ್ಯಾರ ಮನೇಲೂ ಒಲೆ ಉರಿಯಲ್ಲ. ನನ್ನ ಮನೆ ಒಲೆ ಉರಿಸಿದೋನು ಕಣೋ ನೀನು.”

ತಮ್ಮ ಹಿಂತಿರುಗಿ ಜೊತೆಗಾರರ ಮುಖ ನೋಡುತ್ತಾರೆ. ಆಮೇಲೆ ಮೇಜಿನ ಬಳಿ ಬಂದು ಮೊದಲನೇ ಫಾರಂಗೆ ಸಹಿ ಹಾಕುತ್ತಾರೆ. ಬೆನ್ನಿಗೇ ಸಾಲು ಬೆಳೆಯುತ್ತದೆ. ಹತ್ತಕ್ಕೆ ನಾಲ್ಕು ನಿಮಿಷ ಇರುವಾಗ ಮೊಬೈಲಿನಿಂದ ಕಚೇರಿಗೆ ಐವತ್ತೆಂಟು ಹೆಸರು ಹೋಗುತ್ತವೆ.

ಅಕ್ಕ ಮೇಜು ಮಡಚುತ್ತಾರೆ. “ಹತ್ತೊಂಬತ್ತು ವರ್ಷದಲ್ಲಿ ಒಂದೇ ಒಂದು ಸುಳ್ಳು ಹೆಸರು ಬರೆದಿಲ್ಲ ನಾನು. ಇವತ್ತು ಮಾತ್ರ, ಆ ಮೊದಲನೇ ಹೆಸರು, ನನ್ನ ತಮ್ಮಂದು, ಸುಳ್ಳಾಗಿರಬಾರದಿತ್ತಾ ಅನ್ನಿಸ್ತು.”